ಒಕ್ಕಲುಮನೆಗೆ ಬಂದ ರಾಜದ್ರವ್ಯ

ಚರಿತ್ರೆಯೆಂದರೆ ಅರಸರ ವಂಶಾವಳಿ, ಯುದ್ಧಗಳ ತಿಥಿ, ಕೋಟೆಗಳ ಉದ್ದಗಲ ಎಂದು ನಾವು ಮಕ್ಕಳಿಗೆ ಬಹುಕಾಲ ಕಲಿಸುತ್ತ ಬಂದೆವು. ಈ ಲೇಖಕನೂ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಹಾಗೆಯೇ ಕಲಿಸಿದವನು. ಅರಸನು ಪ್ರಜೆಯಿಂದ ಏನನ್ನು ತೆಗೆದುಕೊಂಡನೆಂಬುದನ್ನು ಶಾಸನಗಳೂ ದಫ್ತರಗಳೂ ವಿಸ್ತಾರವಾಗಿ ಹೇಳುತ್ತವೆ. ಕಷ್ಟಕಾಲದಲ್ಲಿ ಅರಸನ ಬೊಕ್ಕಸದಿಂದ ಒಕ್ಕಲುಮನೆಗೆ ತಿರುಗಿ ಬಂದುದೇನು, ಅದು ಯಾವ ರೂಪದಿಂದ ಬಂದಿತು, ಮನೆಯೊಳಗೆ ಯಾರ ಕೈಸೇರಿತು ಎಂದು ಕೇಳುವವರು ಮಾತ್ರ ವಿರಳ. ಈಗ ನಮ್ಮ ಕಣ್ಣೆದುರಿಗೆ ಸರಕಾರದ ಹಣವು ನೇರವಾಗಿ ರೈತನ ಬ್ಯಾಂಕಿನ ಖಾತೆಗೆ ಬರುತ್ತಿರಲು, ಈ ಪ್ರಶ್ನೆಯನ್ನು ನಮ್ಮ ಸೀಮೆಯ ಮಟ್ಟಿಗಾದರೂ ವಿಚಾರಿಸಿ ನೋಡುವುದು ಉಚಿತವೆಂದು ತೋರಿದುದರಿಂದ ಈ ಲೇಖನವನ್ನು ಬರೆಯಲು ತೊಡಗಿದ್ದೇನೆ.

ನಮ್ಮ ಕರಜಗಿಯು ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿಗೆ ಸೇರಿದ ಊರು. ತಾಲೂಕಿನ ದಕ್ಷಿಣಕ್ಕೆ ಭೀಮಾನದಿ, ಅದರಾಚೆಗೆ ವಿಜಯಪುರ ಜಿಲ್ಲೆ. ವಾಯವ್ಯಕ್ಕೆ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯ ಸೀಮೆ. ನೆಲವು ಕರಿನೆಲ, ಬೆಳೆಯು ತೊಗರಿ, ಹಿಂಗಾರಿ ಜೋಳ, ಹತ್ತಿ, ನೀರು ಸಿಕ್ಕಲ್ಲಿ ಕಬ್ಬು. 1948ರ ಸೆಪ್ಟೆಂಬರದವರೆಗೆ ನಿಜಾಮರ ಆಳಿಕೆ, ತರುವಾಯ ಹೈದರಾಬಾದು ರಾಜ್ಯ, 1956ರ ನವಂಬರ 1ರಿಂದ ವಿಶಾಲ ಮೈಸೂರು, 1973ರಿಂದ ಅದೇ ಕರ್ನಾಟಕವೆಂಬ ಹೆಸರು. ಒಡೆಯರು ಬದಲಾದರೂ ಮುಗಿಲನ್ನು ನೋಡಿ ಬಿತ್ತುವ ಒಕ್ಕಲುತನವು ಬದಲಾಗಲಿಲ್ಲ.

ರೈತನಿಗೆ ಸಹಾಯಮಾಡುವುದು ಇಂದಿನ ಸರಕಾರಗಳ ನೂತನ ಕಲ್ಪನೆಯೆಂದು ಕೆಲವರು ತಿಳಿದಿರುವರು. ಅದು ಸರಿಯಲ್ಲ. ಮಹಾಭಾರತದ ಸಭಾಪರ್ವದಲ್ಲಿ ನಾರದರು ಯುಧಿಷ್ಠಿರನನ್ನು ರಾಜ್ಯಭಾರದ ವಿಷಯವಾಗಿ ಪ್ರಶ್ನಿಸುವಾಗ, ನಿನ್ನ ನಾಡಿನ ಕೃಷಿಕನಿಗೆ ಬೀಜವೂ ಅನ್ನವೂ ತಪ್ಪದೆ ದೊರೆಯುವುವೇ, ಅಲ್ಪ ಬಡ್ಡಿಯಿಂದ ಅನುಗ್ರಹರೂಪವಾದ ಸಾಲವನ್ನು ಕೊಡುತ್ತಿರುವೆಯಾ ಎಂದು ವಿಚಾರಿಸುತ್ತಾರೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದು ಇನ್ನೂ ಸ್ಪಷ್ಟವಾಗಿದೆ. ಈ ಗ್ರಂಥದ ತಾಳೆಯೋಲೆಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ 1909ರಲ್ಲಿ ಅಚ್ಚುಮಾಡಿಸಿದ ಆರ್. ಶಾಮಶಾಸ್ತ್ರಿಗಳು ಕನ್ನಡನಾಡಿನವರೆಂಬುದು ನಮಗೆ ಅಭಿಮಾನದ ಸಂಗತಿ. ಹೊಸದಾಗಿ ನೆಲವನ್ನು ಸಾಗುಮಾಡುವವರಿಗೆ ಧಾನ್ಯ, ದನ, ಹಣ ಇವುಗಳನ್ನು ಅರಸನು ಕೊಡಬೇಕು, ಅವರು ತಮಗೆ ಅನುಕೂಲವಾದಾಗ ಹಿಂದಿರುಗಿಸಬೇಕು ಎಂದು ಅಲ್ಲಿ ವಿಧಿಸಿದೆ. ಹೀಗೆ ಕೊಡುವುದಕ್ಕೆ ಅನುಗ್ರಹವೆಂದೂ, ಕಂದಾಯವನ್ನು ಬಿಡುವುದಕ್ಕೆ ಪರಿಹಾರವೆಂದೂ ಹೆಸರು. ಕ್ಷಾಮ ಬಂದರೆ ಬೀಜ ಮತ್ತು ಅನ್ನವನ್ನು ಒದಗಿಸಬೇಕು, ಇಲ್ಲವೆ ಕೋಟೆ ಕೆರೆಕಟ್ಟೆಗಳ ಕೆಲಸ ಮಾಡಿಸಿ ಅನ್ನ ಕೊಡಬೇಕು, ಇಲ್ಲವೆ ಇದ್ದ ಅನ್ನವನ್ನು ಹಂಚಬೇಕು ಎಂದು ಇನ್ನೊಂದು ಕಡೆ ಹೇಳಿದೆ. ದಾನ, ಸಾಲ, ಕೂಲಿ ಎಂಬ ಮೂರು ಮಾರ್ಗಗಳೂ ಆ ಕಾಲಕ್ಕೇ ತಿಳಿದಿದ್ದುವು. ಬೊಕ್ಕಸವನ್ನು ಬೆಳೆಸುವ ಅನುಗ್ರಹವನ್ನು ಮಾಡಬೇಕು, ಬರಿದುಮಾಡುವುದನ್ನು ಬಿಡಬೇಕೆಂಬ ಎಚ್ಚರಿಕೆಯೂ ಕೌಟಿಲ್ಯನದೇ. ಇಂದು ನಮ್ಮ ವಿಧಾನಸಭೆಯಲ್ಲಿ ನಡೆಯುವ ವಾದವು ಹೊಸದಲ್ಲ.

ಭೀಮೆಯ ಬಯಲಿನಲ್ಲಿ ಈ ಮೂರು ಮಾರ್ಗಗಳಿಗೂ ಸಾಕ್ಷಿಗಳುಂಟು. ದಾನದ ವಿಷಯದಲ್ಲಿ ಮಂಗಳವೇಢೆಯ ದಾಮಾಜಿಪಂತನ ಕಥೆಯನ್ನು ಪಂಢರಪುರದ ವಾರಿಗೆ ಹೋಗುವವರೆಲ್ಲರೂ ಬಲ್ಲರು. ಹದಿನೈದನೆಯ ಶತಮಾನದ ಘೋರ ಕ್ಷಾಮದಲ್ಲಿ ಬೀದರದ ಸುಲ್ತಾನನ ಅಧಿಕಾರಿಯಾದ ಈತನು ಒಡೆಯನ ಅಪ್ಪಣೆ ಪಡೆಯದೆ ಸರಕಾರಿ ಹಗೇವುಗಳನ್ನು ತೆರೆದು ಜನರಿಗೆ ಹಂಚಿದನೆಂದೂ, ಆ ಬಾಕಿಯನ್ನು ವಿಠ್ಠಲನೇ ಬಂದು ತೀರಿಸಿದನೆಂದೂ ಭಕ್ತರ ಸಂಪ್ರದಾಯವು ಹೇಳುತ್ತದೆ. ದೈವಿಕ ಭಾಗವನ್ನು ಭಕ್ತಿಗೆ ಬಿಟ್ಟುಕೊಟ್ಟರೂ ಒಂದು ಸಂಗತಿಯು ಉಳಿಯುತ್ತದೆ. ಅಂದು ಧಾನ್ಯವು ಉಗ್ರಾಣದಲ್ಲಿದ್ದರೂ ಒಬ್ಬ ಅಧಿಕಾರಿಯ ದಯೆಯು ತೆರೆದ ಹೊರತು ಅದು ಹಸಿದವನಿಗೆ ದೊರೆಯುತ್ತಿರಲಿಲ್ಲ.

ಕೂಲಿಯ ಮಾರ್ಗಕ್ಕೆ ಧಾತು, ಈಶ್ವರ ಸಂವತ್ಸರಗಳ ಬರವು ನಿದರ್ಶನ. 1876ರಿಂದ 1878ರವರೆಗೆ ದಖ್ಖಣವನ್ನೆಲ್ಲ ಸುಟ್ಟ ಈ ಕ್ಷಾಮದಲ್ಲಿ ಬ್ರಿಟಿಷ್ ಪ್ರಾಂತಗಳ ಕಾಮಗಾರಿಗಳ ಮೇಲೆ ದುಡಿದವರಿಗೆ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಕೊಂಚ ದುಡ್ಡು ಸಾಕೆಂದು ನಿಶ್ಚಯಿಸಿದನು. ಕಲ್ಲು ಹೊರುವ ದೇಹಕ್ಕೆ ಅದು ಸಾಲದಾಯಿತು. ಕಲಬುರಗಿಯ ಮೂಲಕ ಹೋಗುವ ರೈಲು ಆ ವೇಳೆಗೆ ಹಾಕಲ್ಪಟ್ಟಿದ್ದರೂ, ಕಾಳು ಬಂದಲ್ಲಿ ಕೊಳ್ಳಲು ಜನರ ಬಳಿ ಹಣವಿರಲಿಲ್ಲ. ತರುವಾಯ ಕುಳಿತ 1880ರ ಕ್ಷಾಮ ಆಯೋಗವು, ಈ ದೇಶದ ಬರಗಾಲಗಳು ಅನ್ನಕ್ಕಿಂತ ಹೆಚ್ಚಾಗಿ ಕೆಲಸದ ಮತ್ತು ಗಳಿಕೆಯ ಬರಗಾಲಗಳೆಂದು ಕಂಡುಕೊಂಡಿತು. ರೈತನಿಗೆ ಹಣ ಕೊಡುವ ಇಂದಿನ ವಿಚಾರದ ಬೇರು ಈ ತಿಳುವಳಿಕೆಯಲ್ಲಿದೆ.

ಮೂರನೆಯದಾದ ಸಾಲದ ಮಾರ್ಗಕ್ಕೆ ತಕಾವಿಯೆಂದು ಹೆಸರು. 1883 ಮತ್ತು 1884ರ ಕಾನೂನುಗಳಿಂದ ಬ್ರಿಟಿಷ್ ಪ್ರಾಂತಗಳಲ್ಲಿ ಭಾವಿ ತೋಡಲು, ಬೀಜ ಕೊಳ್ಳಲು, ಎತ್ತು ತರಲು ಸರಕಾರವು ಸಾಲ ಕೊಡತೊಡಗಿತು. ನಿಜಾಮರ ಸೀಮೆಯಲ್ಲಿಯೂ ತಕಾವಿಯೆಂಬ ಮಾತು ಬಳಕೆಯಲ್ಲಿತ್ತು. ಉದ್ದೇಶವು ಒಳ್ಳೆಯದೇ. ಆದರೆ ಜಾಮೀನು ಬೇಕು, ಪಟವಾರಿಯ ಬರಹ ಬೇಕು, ಕಚೇರಿಗೆ ಹತ್ತು ಸಲ ತಿರುಗಬೇಕು. ಅಷ್ಟರಲ್ಲಿ ಬಿತ್ತಿಗೆಯ ಹದ ಮೀರಿಹೋಗುವುದು. ಸಾವಕಾರನೋ ರಾತ್ರಿ ಕೇಳಿದರೆ ರಾತ್ರಿಯೇ ಕೊಡುವವನು. ಆದುದರಿಂದ 1951-52ರಲ್ಲಿ ನಡೆದು 1954ರಲ್ಲಿ ಪ್ರಕಟವಾದ ಅಖಿಲಭಾರತ ಗ್ರಾಮೀಣ ಸಾಲದ ಸಮೀಕ್ಷೆಯಲ್ಲಿ, ರೈತರು ಪಡೆದ ಒಟ್ಟು ಸಾಲದೊಳಗೆ ಸರಕಾರದ ಪಾಲು ನೂರಕ್ಕೆ 3.3, ಸಹಕಾರಿ ಸಂಘಗಳದು 3.1 ಮಾತ್ರವೆಂದೂ, ಲೇವಾದೇವಿಗಾರರದು ಸುಮಾರು 70 ಎಂದೂ ಕಂಡುಬಂದುದರಲ್ಲಿ ಆಶ್ಚರ್ಯವಿಲ್ಲ.

ಇಲ್ಲಿ ನನ್ನ ಮನೆಯ ಒಂದು ಸಂಗತಿಯನ್ನು ಹೇಳಬೇಕಾಗಿದೆ; ವಾಚಕರು ಮನ್ನಿಸಬೇಕು. 1972ರ ಬರದಲ್ಲಿ ನಾನು ಹನ್ನೆರಡು ವರ್ಷದ ಹುಡುಗ. ಮುಂಗಾರಿಯೂ ಇಲ್ಲ, ಹಿಂಗಾರಿಯೂ ಇಲ್ಲ. ಊರಿನ ಗಂಡಸರೂ ಹೆಂಗಸರೂ ಬರಗಾಲದ ಕಾಮಗಾರಿಗೆ ಹೋಗಿ ಖಡಿ ಒಡೆದರು. ನಮ್ಮ ತಂದೆಯವರಿಗೆ ಸ್ವಲ್ಪ ಹೊಲವೂ ಸ್ವಲ್ಪ ಪೌರೋಹಿತ್ಯವೂ ಇದ್ದು, ಖಡಿಗೆ ಹೋಗುವುದು ಮರ್ಯಾದೆಗೆ ಕಡಿಮೆಯೆಂದು ಭಾವಿಸಿದರು. ತಾಯಿಯವರ ಕೊರಳಲ್ಲಿ ತವರಿನಿಂದ ತಂದ ಬೋರಮಾಳವೊಂದಿತ್ತು. ಅದು ಕಲಬುರಗಿಯ ಸರಾಫಕಟ್ಟೆಗೆ ಹೋಯಿತು. ಜೋಳದ ಚೀಲಗಳು ಮನೆಗೆ ಬಂದುವು. ಮುಂದೆ ಬೆಳೆ ಬಂದಿತು, ಸಾಲ ತೀರಿತು, ಎತ್ತೂ ಬಂದಿತು. ಬೋರಮಾಳ ಮಾತ್ರ ಬರಲಿಲ್ಲ. ಕೆಲವು ವರ್ಷಗಳ ಮೇಲೆ ಪಾಠಶಾಲೆಯಲ್ಲಿ ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವನ್ನು ಓದುವಾಗ, ದುರ್ಭಿಕ್ಷ, ಧರ್ಮಕಾರ್ಯ, ವ್ಯಾಧಿ, ಬಂಧನ ಈ ನಾಲ್ಕರಲ್ಲಿ ತೆಗೆದುಕೊಂಡ ಸ್ತ್ರೀಧನವನ್ನು ಗಂಡನು ತಿರುಗಿ ಕೊಡಬೇಕಾದುದಿಲ್ಲವೆಂಬ ವಿಧಿಯನ್ನು ಕಂಡೆನು. ಮನೆಗೆ ಬಂದು ಇದನ್ನು ಹೇಳಲು ತಂದೆಯವರು ಸಂತೋಷಪಟ್ಟರು. ತಾಯಿಯವರು ರೊಟ್ಟಿ ಬಡಿಯುತ್ತಿದ್ದವರು ತಲೆಯೆತ್ತಲಿಲ್ಲ. ಆ ದಿನ ನಾನು ಹೇಳಿದ ಮಾತು ಶಾಸ್ತ್ರಕ್ಕೆ ಸರಿಯಾಗಿದ್ದರೂ ಮಗನು ಹೇಳತಕ್ಕ ಮಾತಾಗಿರಲಿಲ್ಲವೆಂದು ನನಗೆ ತಿಳಿಯಲು ಬಹಳ ವರ್ಷಗಳು ಬೇಕಾದುವು.

ಇನ್ನು ಪ್ರಸ್ತುತ ಕಾಲಕ್ಕೆ ಬರೋಣ. 2006ರ ಫೆಬ್ರವರಿ 2ರಂದು ದೇಶದಲ್ಲಿ ಉದ್ಯೋಗ ಖಾತರಿಯು ಆರಂಭವಾದಾಗ, ಮೊದಲ ಇನ್ನೂರು ಜಿಲ್ಲೆಗಳೊಳಗೆ ನಮ್ಮ ಜಿಲ್ಲೆಯೂ ಒಂದಾಗಿತ್ತು. ಹಳೆಯ ಕೂಲಿಯ ಮಾರ್ಗವು ಆಗ ಹಕ್ಕಿನ ರೂಪವನ್ನು ತಾಳಿತು. 2013ರಲ್ಲಿ ನೇರ ನಗದು ವರ್ಗಾವಣೆಯ ಪದ್ಧತಿಯೂ, 2014ರ ಆಗಸ್ಟಿನಲ್ಲಿ ಜನಧನ ಖಾತೆಗಳೂ ಬಂದುವು. 2019ರ ಫೆಬ್ರವರಿ 24ರಂದು ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯು ಪ್ರಾರಂಭವಾಗಿ ವರ್ಷಕ್ಕೆ 6000 ರೂಪಾಯಿಗಳನ್ನು 2000ದ ಮೂರು ಕಂತುಗಳಾಗಿ ಕೊಡಲಾಯಿತು. ಮೊದಲು ಎರಡು ಹೆಕ್ಟೇರಿನವರೆಗೆ ಇದ್ದವರಿಗೆಂದಿದ್ದುದು ಅದೇ ವರ್ಷ ಭೂಮಿಯುಳ್ಳ ಎಲ್ಲರಿಗೂ ವಿಸ್ತರಿಸಿತು. ಕರ್ನಾಟಕ ಸರಕಾರವು 2019ರಿಂದ ಇದಕ್ಕೆ 4000 ರೂಪಾಯಿಗಳನ್ನು ಸೇರಿಸಿತ್ತು. 2023ರಲ್ಲಿ ಅದು ನಿಂತಿತು. ಅದೇ ವರ್ಷ ಮಹಾರಾಷ್ಟ್ರವು ತನ್ನ ಕಡೆಯಿಂದ 6000ವನ್ನು ಸೇರಿಸಿತು. ಒಂದೇ ಕರಿನೆಲದಲ್ಲಿ ಒಂದೇ ತೊಗರಿಯನ್ನು ಬಿತ್ತುವ ಇಬ್ಬರು ಬೀಗರೊಳಗೆ ಅಕ್ಕಲಕೋಟೆಯವನಿಗೆ ಒಂದು ಮೊತ್ತ, ಕರಜಗಿಯವನಿಗೆ ಇನ್ನೊಂದು. ಪೂರ್ವಕ್ಕೆ, ಹಿಂದೆ ನಮ್ಮೊಡನೆ ಒಂದೇ ಸಂಸ್ಥಾನವಾಗಿದ್ದ ತೆಲಂಗಾಣದಲ್ಲಿ 2018ರಿಂದ ರೈತಬಂಧುವೆಂಬ ಹೆಸರಿನಿಂದ ಎಕರೆಯ ಲೆಕ್ಕದಲ್ಲಿ ಕೊಟ್ಟರು. ಅಲ್ಲಿ ಹೆಚ್ಚು ನೆಲವಿದ್ದವನಿಗೆ ಹೆಚ್ಚು ಹಣ ಬಂದಿತು.

ಈ ಹಣದ ತೂಕವೆಷ್ಟು? 2025-26ನೆಯ ಸಾಲಿಗೆ ತೊಗರಿಯ ಬೆಂಬಲ ಬೆಲೆಯು ಕ್ವಿಂಟಲಿಗೆ 8000 ರೂಪಾಯಿ. ಆದುದರಿಂದ 2000ದ ಒಂದು ಕಂತು 25 ಕಿಲೋ ತೊಗರಿಗೆ ಸಮ. ವರ್ಷದ ಕಂತುಗಳೆಲ್ಲ ಕೂಡಿ 75 ಕಿಲೋ. ಬೆಲೆಯು ಕ್ವಿಂಟಲಿಗೆ ಒಂದು ಸಾವಿರ ಇಳಿಯಿತೆಂದರೆ, ಆರು ಕ್ವಿಂಟಲು ಮಾರುವ ಸಣ್ಣ ರೈತನಿಗೆ ವರ್ಷದ ಸಹಾಯವಷ್ಟೂ ಮಾರುಕಟ್ಟೆಯಲ್ಲಿಯೇ ಕರಗಿಹೋಗುವುದು. 2020ರ ಅಕ್ಟೋಬರದಲ್ಲಿ ಭೀಮೆಯು ಉಕ್ಕಿ ಹರಿದು ನಿಂತ ಬೆಳೆಯನ್ನು ಮುಳುಗಿಸಿದಾಗ, 2023ರಲ್ಲಿ ರಾಜ್ಯದ 223 ತಾಲೂಕುಗಳು ಬರಪೀಡಿತವೆಂದು ಘೋಷಿತವಾದಾಗ, ಈ ಕಂತುಗಳಿಂದ ನಷ್ಟವು ತುಂಬಿತೆಂದು ಯಾರೂ ಹೇಳಲಾರರು.

ಹಾಗಾದರೆ ಇದು ನಿಷ್ಪ್ರಯೋಜಕವೇ? ನಾನು ಮೊದಲು ಹಾಗೆಯೇ ನಂಬಿದ್ದೆನು. ಕೆಲಸ ಮಾಡಿಸದೆ ಹಣ ಕೊಟ್ಟರೆ ಜನರು ಆಲಸಿಗಳಾಗುವರೆಂದು ಊರಿನ ಕಟ್ಟೆಯ ಮೇಲೆ ಕುಳಿತು ಹೇಳಿದವನು ನಾನು. ನಮ್ಮ ಓಣಿಯಲ್ಲಿ ಒಂದು ಒಕ್ಕಲುಮನೆಯುಂಟು, ಹೆಸರು ಬೇಡ. ನಾಲ್ಕು ಎಕರೆ ಒಣಬೇಸಾಯ, ಅಣ್ಣತಮ್ಮಂದಿರಿಬ್ಬರ ಸಂಸಾರ. ಕಿರಿಯನು ನನ್ನ ವಿದ್ಯಾರ್ಥಿ. ಈ ಮನೆಯನ್ನು ಆರೇಳು ವರ್ಷ ನೋಡುತ್ತ ಬಂದುದರಿಂದ ನನ್ನ ಅಭಿಪ್ರಾಯವು ತಿದ್ದಲ್ಪಟ್ಟಿತು.

ಮೊದಲು ಇವರು ಮಿರಗದ ಮಳೆಯಾದೊಡನೆ ಅಡತಿ ಅಂಗಡಿಗೆ ಹೋಗಿ ಬೀಜ ಗೊಬ್ಬರಗಳನ್ನು ಉದ್ದರಿ ತರುತ್ತಿದ್ದರು. ಉದ್ದರಿ ತಂದವನು ರಾಶಿಯನ್ನು ಅದೇ ಅಂಗಡಿಗೆ, ಅಂಗಡಿಯವನು ಹೇಳಿದ ದರಕ್ಕೆ ಹಾಕಬೇಕು. ಈಗಲೂ ಗೊಬ್ಬರಕ್ಕೆ ಅಂಗಡಿಯೇ ಗತಿ. ಆದರೆ ಬೀಜದ ಮಟ್ಟಿಗೆ ಕೈಯಲ್ಲಿ ರೊಕ್ಕವಿರುತ್ತದೆ. ಎರಡು ಸಾವಿರವು ಸಾವಕಾರನನ್ನು ಮನೆಯಿಂದ ಹೊರಗೆ ಹಾಕಲಿಲ್ಲ, ಬಾಗಿಲಿನ ತನಕ ಹಿಂದೆ ಸರಿಸಿತು. ಆಲಸ್ಯದ ಮಾತೋ! ದಿನಕ್ಕೆ ಹದಿನಾರು ರೂಪಾಯಿಯ ಲೆಕ್ಕದ ಸಹಾಯದಿಂದ ಯಾವನೂ ನೇಗಿಲನ್ನು ಬಿಟ್ಟು ಮಲಗಲಾರನು. ನಾನು ಲೆಕ್ಕ ಮಾಡದೆ ಮಾತನಾಡಿದ್ದೆನು.

ಆದರೆ ಈ ಮನೆಯಲ್ಲಿಯೇ ಇನ್ನೊಂದು ಸಂಗತಿಯನ್ನು ಕಂಡೆನು. ಹೊಲದ ಪಹಣಿಯು ಅಣ್ಣನೊಬ್ಬನ ಹೆಸರಿನಲ್ಲಿದೆ. ಕಂತು ಬರುವುದು ಅಣ್ಣನಿಗೆ. ಬೆಳಗಿನಿಂದ ಸಂಜೆಯವರೆಗೆ ಹೊಲದಲ್ಲಿರುವವನು ತಮ್ಮ. ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕುಳಿತು ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನು, ಪಿತೃದ್ರವ್ಯದಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಸ್ವತ್ವವುಂಟೆಂದು ಸ್ಥಾಪಿಸಿದನು. ನಮ್ಮ ಜಿಲ್ಲೆಯ ಮರ್ತೂರಿನವನೆಂದು ವಿದ್ವಾಂಸರು ಹೇಳುವ ಈತನ ಸಿದ್ಧಾಂತವು ಭಾರತದ ಬಹುಭಾಗದಲ್ಲಿ ಮಾನ್ಯವಾಯಿತು. ಆ ಸಿದ್ಧಾಂತದಂತೆ ಹೊಲವು ಇಬ್ಬರದು, ದಫ್ತರದಂತೆ ಒಬ್ಬನದು. ಹಣವು ದಫ್ತರವನ್ನು ನೋಡಿ ಬರುತ್ತದೆ. ಪಾಲು ಮಾಡಿಸಿ ಹೆಸರು ಹಚ್ಚಿಸಬೇಕೆಂದರೆ ಮನೆ ಒಡೆಯಿತೆಂದು ಊರಲ್ಲಿ ಮಾತಾಗುವುದೆಂಬ ಅಂಜಿಕೆ.

ಲಾವಣಿಯಿಂದ ಹೊಲ ಮಾಡುವವನ ಸ್ಥಿತಿಯು ಇದಕ್ಕಿಂತ ಕಷ್ಟದ್ದು. 1974ರ ಮಾರ್ಚಿ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಗೇಣಿಯನ್ನೇ ನಿಷೇಧಿಸಿ ಅನೇಕ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಅದು ದೊಡ್ಡ ಉಪಕಾರ. ಆದರೆ ಆಮೇಲೆ ಹುಟ್ಟಿದ ಲಾವಣಿಗಳೆಲ್ಲ ಬಾಯಿಮಾತಿನವಾಗಿ ಉಳಿದುವು, ಕಾಗದಕ್ಕೆ ಏರಲಾರವು. ಬೀಜ ಇವನದು, ದುಡಿಮೆ ಇವನದು, ಬೆಳೆ ಹೋದರೆ ನಷ್ಟ ಇವನದು. ಬರಪರಿಹಾರವಾಗಲಿ ಸಮ್ಮಾನದ ಕಂತಾಗಲಿ ಪಹಣಿಯಲ್ಲಿ ಹೆಸರುಳ್ಳವನಿಗೆ. ಉಳದವನಿಂದ ನೆಲವನ್ನು ತೆಗೆದು ಉಳುವವನಿಗೆ ಕೊಡಬೇಕೆಂದ ಕೌಟಿಲ್ಯನ ಮಾತು ಇಲ್ಲಿ ನೆನಪಿಗೆ ಬರುತ್ತದೆ. ಅನುಗ್ರಹವು ಉಳುವವನನ್ನು ಕುರಿತದ್ದು, ದಫ್ತರವನ್ನು ಕುರಿತದ್ದಲ್ಲ.

ಈ ವರೆಗೆ ಹೇಳಿದ ಧಾನ್ಯ, ತಕಾವಿ, ಕಂತು ಎಲ್ಲವೂ ಮನೆಯ ಯಜಮಾನನ ಕೈಗೆ ಬಂದ ದ್ರವ್ಯಗಳು. 2023ರ ಆಗಸ್ಟ 30ರಂದು ಮೈಸೂರಿನಲ್ಲಿ ಆರಂಭವಾದ ಗೃಹಲಕ್ಷ್ಮಿಯು ಇವುಗಳಿಂದ ಭಿನ್ನವಾದುದು. ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ಕಾಣಿಸಿದ ಹೆಣ್ಣುಮಗಳ ಖಾತೆಗೆ ತಿಂಗಳಿಗೆ 2000. ಕಂತುಗಳು ತಪ್ಪದೆ ಬಂದರೆ ವರ್ಷಕ್ಕೆ 24000, ಎಂದರೆ ಮೂರು ಕ್ವಿಂಟಲು ತೊಗರಿಯ ಬೆಲೆ. ಇದಕ್ಕೆ ಪಹಣಿ ಬೇಡ. ನೆಲವಿಲ್ಲದವಳಿಗೂ ಬರುತ್ತದೆ, ಲಾವಣಿಯವನ ಹೆಂಡತಿಗೂ ಬರುತ್ತದೆ. ಅದೇ ವರ್ಷದ ಜುಲೈಯಿಂದ ಹೆಚ್ಚಿನ ಐದು ಕಿಲೋ ಅಕ್ಕಿಯ ಬದಲು ಕಿಲೋಗೆ 34ರಂತೆ ತಲೆಗೆ 170 ರೂಪಾಯಿಯೂ ಬಂದು, 2025ರ ಆದಿಯಲ್ಲಿ ಹಣ ನಿಂತು ಅಕ್ಕಿಯೇ ಬಂದಿತು. ಹಣ ಲೇಸೋ ಕಾಳು ಲೇಸೋ ಎಂದು ನಾನು ಓಣಿಯಲ್ಲಿ ಕೇಳಿದಾಗ, ಗಂಡಸರು ಬಹುಮಟ್ಟಿಗೆ ಹಣವೆಂದರು, ಹೆಂಗಸರು ಕಾಳೆಂದರು. ಕಾಳು ಅಡಿಗೆಮನೆಗೆ ಬರುವುದು ನಿಶ್ಚಯ. ಹಣವು ಯಾರ ಕೈಗೆ ಬರುವುದೆಂಬುದರ ಮೇಲೆ ಅದರ ಮುಂದಿನ ದಾರಿ.

ಹಿಂದೆ ಹೇಳಿದ ಮನೆಯ ಕಿರಿಯ ಸೊಸೆಯು ಹೊಸ ಪಡಿತರ ಚೀಟಿಯಲ್ಲಿ ಯಜಮಾನಿಯಾದವಳು. ಮೊದಲ ಕೆಲವು ತಿಂಗಳ ಹಣದಿಂದ ಎರಡು ಆಡು ಕೊಂಡಳು. ಆಮೇಲಿನದು ಮಗಳನ್ನು ಅಫಜಲಪುರದ ಕಾಲೇಜಿಗೆ ಕಳಿಸುವುದಕ್ಕೆ. ಕಂತುಗಳು ತಿಂಗಳುಗಟ್ಟಲೆ ತಡವಾದುದುಂಟು. ಆಗ ಮಗಳ ಶುಲ್ಕಕ್ಕಾಗಿ ಒಂದು ಆಡು ಹೋಯಿತು. ಒಂದು ಹಿಂಗಾರಿಯಲ್ಲಿ ಗಂಡನು ಜೋಳದ ಬಿತ್ತಿಗೆಗೆ ಅವಳಿಂದ ನಾಲ್ಕು ಸಾವಿರ ಪಡೆದನು. ರಾಶಿಯಾದ ಮೇಲೆ ನಾನು ಸುಮ್ಮನೆ ವಿಚಾರಿಸಿದೆನು. ಅವಳು ನಕ್ಕು, “ಹೊಳ್ಳಿ ಕೊಟ್ಟಾರ್ರಿ ಮಾಸ್ತರ್ರೇ. ನನ್ನ ಹೆಸರಿಗಿ ಬಂದ ರೊಕ್ಕ ಅದ ಅಂಬೋದು ಅವರಿಗೂ ಗೊತ್ತದರಿ” ಎಂದಳು. ಸಣ್ಣ ರೊಕ್ಕ ಅಲ್ಲವೇ ತಾಯಿ ಎಂದೆನು. “ಸಣ್ಣದು ಖರೇರಿ. ಆದ್ರ ಯಾರಿಗೂ ಬೇಡಲಾರದೆ ಬರ್ತದಲ್ರಿ” ಎಂದಳು.

ಮನೆಗೆ ಬಂದು ಆ ರಾತ್ರಿ ಮಿತಾಕ್ಷರವನ್ನು ತೆಗೆದು ನೋಡಿದೆನು. ತಂದೆ, ತಾಯಿ, ಗಂಡ, ಅಣ್ಣ ಕೊಟ್ಟದ್ದು ಮಾತ್ರವೇ ಅಲ್ಲ, ದಾಯದಿಂದ, ಕ್ರಯದಿಂದ, ವಿಭಾಗದಿಂದ, ಬೇರೆ ರೀತಿಗಳಿಂದ ಹೆಣ್ಣಿಗೆ ಬಂದುದೆಲ್ಲವೂ ಸ್ತ್ರೀಧನವೇ ಎಂದು ವಿಜ್ಞಾನೇಶ್ವರನು ವಿಶಾಲವಾದ ಅರ್ಥವನ್ನು ಮಾಡಿದ್ದಾನೆ. ರಾಜನು ತಿಂಗಳು ತಿಂಗಳು ಕೊಡುವುದನ್ನು ಅವನು ಎಣಿಸಿರಲಿಲ್ಲ. ಆದರೆ ಅವನ ವ್ಯಾಖ್ಯಾನದೊಳಗೆ ಅದಕ್ಕೆ ಸ್ಥಳವುಂಟು. ದುರ್ಭಿಕ್ಷದಲ್ಲಿ ತೆಗೆದುಕೊಂಡುದನ್ನು ತಿರುಗಿ ಕೊಡಬೇಕಾದುದಿಲ್ಲವೆಂಬ ವಿಧಿಯೂ ಅಲ್ಲಿಯೇ ಇದೆ. ಆ ರೈತನು ಶಾಸ್ತ್ರವು ಬಿಟ್ಟುಕೊಟ್ಟ ಋಣವನ್ನು ತೀರಿಸಿದ್ದನು.

ಹೀಗೆ ನೋಡಲಾಗಿ, ದಾಮಾಜಿಯ ಕಾಲದಿಂದ ಇಂದಿನವರೆಗೆ ಬದಲಾದುದು ಸಹಾಯದ ಮೊತ್ತಕ್ಕಿಂತ ಹೆಚ್ಚಾಗಿ ಅದು ನಡೆದುಬರುವ ದಾರಿ. ಅಧಿಕಾರಿಯ ದಯೆ, ಪಟವಾರಿಯ ಬರಹ, ಸಾವಕಾರನ ಕಟ್ಟೆ ಇವುಗಳನ್ನು ದಾಟದೆ ಹಣವು ಮನೆಗೆ ಬರುವುದು ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ. ಭೀಮೆಯ ನೀರನ್ನು ಹೊಲಕ್ಕೆ ಹರಿಸುವುದು, ತೊಗರಿಗೆ ನ್ಯಾಯವಾದ ಬೆಲೆಯನ್ನು ದೊರಕಿಸುವುದು, ಲಾವಣಿಯವನ ಹೆಸರನ್ನು ಎಲ್ಲಿಯಾದರೂ ಬರೆದುಕೊಳ್ಳುವುದು, ಈ ಕೆಲಸಗಳನ್ನು ಹಣವು ತಾನಾಗಿ ಮಾಡಲಾರದು. ಇವುಗಳ ಬದಲಿಗೆ ಹಣವನ್ನು ಕೊಟ್ಟೆವೆಂದು ಯಾವ ಸರಕಾರವೂ ಹೇಳತಕ್ಕದ್ದಲ್ಲ. ನಮ್ಮ ತಾಯಿಯವರು ತೀರಿಕೊಂಡು ಬಹಳ ವರ್ಷಗಳಾದುವು. ಅವರ ಹೆಸರಿಗೆ ಒಂದು ಖಾತೆಯೂ ಇರಲಿಲ್ಲ. ಇದ್ದಿದ್ದರೆ ಆ ಬೋರಮಾಳವು ಉಳಿಯುತ್ತಿತ್ತೆಂದು ಹೇಳಲಾರೆನು; ಕೊಡುವ ಮೊದಲು ತಂದೆಯವರು ಒಂದು ಮಾತು ಕೇಳುತ್ತಿದ್ದರೆಂದು ಮಾತ್ರ ನಂಬಿದ್ದೇನೆ. ತಿಳಿದಷ್ಟನ್ನು ಬರೆದಿದ್ದೇನೆ, ತಪ್ಪಿದ್ದಲ್ಲಿ ಬಲ್ಲವರು ತಿದ್ದಬೇಕೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.